ನಾಲ್ಕನೆಯ ಮುಳುಗು

ಲೇಯೂ, ಸೇಂಟ್ ವಿನ್ಸೆಂಟ್
3 ಫೆಬ್ರವರಿ 1992

ವೇಡ್‌ಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ನಿಮ್ಮಪ್ಪನ ಬಲಗೈ ಹೆಬ್ಬೆರಳು ಕಾರಿನ ಬಾಗಿಲಿಗೆ ಸಿಕ್ಕಿ ಊದಿಕೊಂಡಿದೆ, ಪೆನ್ನು ಹಿಡಿಯಲಾಗುತ್ತಿಲ್ಲ. ತಿಂಗಳ ಮೊದಲ ವಾರ ನಿನಗೆ ಕಾಗದ ಹೋಗಲೇಬೇಕೆಂದು ಹಟ ಹಿಡಿದಿದ್ದಾರೆ. ಹದಿನೇಳು ವರ್ಷಗಳಿಂದ ಅವರು ನಿನಗೆ ಬರೆಯುತ್ತಿರುವುದು ನನಗೆ ಗೊತ್ತಿಲ್ಲವೆಂದು ಇಷ್ಟು ದಿನ ಅವರು ತಿಳಿದಿದ್ದರು. ಅಂಚೆಚೀಟಿ ತಂದು ಮೇಜಿನ ಖಾನೆಯಲ್ಲಿ ಇಡುತ್ತಿದ್ದವಳು ನಾನೇ.

ನೀನು ಕೇಳದಿದ್ದರೂ ಇಲ್ಲಿಯ ಸಮಾಚಾರ ಬರೆಯುತ್ತೇನೆ. ನಾವಿರುವುದು ಮಹಡಿ ಮನೆ, ಇಪ್ಪತ್ತಾರು ಮೆಟ್ಟಿಲು. ನನ್ನ ಕಾಲು ಮಧ್ಯಾಹ್ನದ ಹೊತ್ತಿಗೆ ಶೂ ಒಳಗೆ ಹಿಡಿಸುವುದಿಲ್ಲ. ಬಟ್ಟೆ ಕೈಯಲ್ಲೇ ಒಗೆಯುತ್ತೇನೆ. ಒಣಗಿಸಿದ್ದು ಒಣಗುವ ಮೊದಲೇ ಮತ್ತೆ ಬೆವರಿನ ವಾಸನೆ ಹಿಡಿಯುತ್ತದೆ. ನಮ್ಮ ಚರ್ಚಿನ ಭಾನುವಾರದ ಸಭೆ ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ. ಹನ್ನೊಂದು ಜನ ಬಂದರೆ ತುಂಬಿದ ಹಾಗೆ. ನಾನು ಸಣ್ಣ ಕೀಬೋರ್ಡು ನುಡಿಸುತ್ತೇನೆ, ಅವರು ತಮಗೆ ಬೇಕಾದ ವೇಗದಲ್ಲಿ ಹಾಡಿಕೊಳ್ಳುತ್ತಾರೆ. ವಾರಕ್ಕೊಮ್ಮೆ ಇಲ್ಲಿಯ ಇಬ್ಬರು ಹುಡುಗ ಮಿಷನರಿಗಳ ಮನೆಗೆ ಹೋಗಿ ಪಾತ್ರೆ ತೊಳೆದಿದ್ದಾರೆಯೇ ಎಂದು ನೋಡಬೇಕು. ತೊಳೆದಿರುವುದಿಲ್ಲ. ಸೋಮವಾರ ಮಿಷನ್ ಅಧ್ಯಕ್ಷರಿಗೆ ವಾರದ ವರದಿ ಬರೆಯಬೇಕು. ಅಧ್ಯಕ್ಷರು ಬೇರೆ ದ್ವೀಪದಲ್ಲಿದ್ದಾರೆ, ನಮ್ಮನ್ನು ಅವರು ಕಾಣುವುದು ಆ ಕಾಗದದಲ್ಲೇ. ಗಂಡ ಬರೆಯಬೇಕೆಂಬುದು ಪದ್ಧತಿ. ಬೆರಳಿನ ಕಾರಣ ಈಗ ಅದೂ ನನ್ನ ಪಾಲಿಗೆ.

ನಿಮ್ಮಪ್ಪ ಮನೆಯೊಡೆಯನ ಹಿತ್ತಲಲ್ಲಿ ಆಲೂಗಡ್ಡೆ ಹಾಕಿದ್ದರು. ಎಲ್ಲ ಮಣ್ಣಲ್ಲೇ ಕೊಳೆಯಿತು. ನಲವತ್ತು ವರ್ಷ ನಮ್ಮೂರು ಬ್ಲ್ಯಾಕ್‌ಫುಟ್‌ನಲ್ಲಿ ಆಲೂಗಡ್ಡೆ ಬೆಳೆದವರು ಆ ಗುಂಡಿಯ ಮುಂದೆ ಬಹಳ ಹೊತ್ತು ನಿಂತಿದ್ದರು.

ಈ ಮಿಷನ್ ಸೇವೆಗೆ ನಾವು ಒಪ್ಪಿಕೊಂಡು ಬಂದದ್ದು ಹದಿನೆಂಟು ತಿಂಗಳು. ಏಳು ಮುಗಿದಿದೆ. ಉಳಿದ ಹನ್ನೊಂದನ್ನೂ ಮುಗಿಸಿಯೇ ಮನೆಗೆ. ನಮ್ಮ ಮನೆಯವರು ಒಪ್ಪಿದ್ದನ್ನು ನಡುವೆ ಬಿಟ್ಟು ಬರುವುದಿಲ್ಲ ಎಂದು ಬರೆಯಹೊರಟಿದ್ದೆ. ಬಿಡು.

ನಿನ್ನ ತಾಯಿ,
ಆರ್ಡೆತ್ ಸ್ಟಾಡರ್ಡ್


ಎಲ್ಕೊ, ನೆವಾಡ
24 ಫೆಬ್ರವರಿ 1992

ಅಮ್ಮನಿಗೆ,

ಕಾಗದ ತಲುಪಿತು. ಅಂಚೆಚೀಟಿಯ ವಿಷಯ ಅಪ್ಪನಿಗೆ ಗೊತ್ತಿತ್ತು. ಖಾನೆ ಖಾಲಿಯಾಗುವುದೇ ಇಲ್ಲ ಎಂದು ಒಮ್ಮೆ ನನಗೆ ಬರೆದು ನಕ್ಕಿದ್ದರು.

ನಾನು ಚೆನ್ನಾಗಿದ್ದೇನೆ. ಗಣಿಯ ಲಾರಿಗಳ ರಿಪೇರಿ ಕೆಲಸವೇ ಈಗಲೂ. ಚಕ್ರ ನನಗಿಂತ ಎರಡು ಪಟ್ಟು ಎತ್ತರ. ಹೊರಗೆ ಹಿಮ ಬಿದ್ದಿದೆ.

ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಡಿಸೆಂಬರಿನಲ್ಲಿ ಅಪ್ಪ ಬರೆದ ಕಾಗದದಲ್ಲಿ ಪಕ್ಕದ ಮನೆಯ ಮೇಕೆಯೊಂದು ನಿಮ್ಮ ಮೆಟ್ಟಿಲೇರಿ ಬಂದ ಕಥೆ ಇತ್ತು. ಒಂದೇ ಪುಟದಲ್ಲಿ ಮೂರು ಸಲ ಇತ್ತು, ಮೂರು ಸಲವೂ ಹೊಸದಾಗಿ ಹೇಳುವಂತೆ. ಜನವರಿಯ ಕಾಗದದಲ್ಲಿ ನಾರ್ವೆಯಲ್ಲಿ ಚಳಿ ಹೇಗಿದೆ, ಉಣ್ಣೆಯ ಕಾಲುಚೀಲ ಕಳಿಸಲೇ ಎಂದು ಕೇಳಿದ್ದರು. ನಾನು ನಾರ್ವೆಯ ಮಿಷನ್ ಬಿಟ್ಟು ಹದಿನೇಳು ವರ್ಷವಾಯಿತು.

ನಿಜವಾಗಿಯೂ ತೊಂದರೆ ಇರುವುದು ಹೆಬ್ಬೆರಳಿಗೇನಾ ಅಮ್ಮ?

ವೇಡ್


ಲೇಯೂ
20 ಮಾರ್ಚ್ 1992

ವೇಡ್‌ಗೆ,

ನಿನ್ನನ್ನು ಯಾರೂ ಡಾಕ್ಟರಿಕೆ ಓದಿಸಲಿಲ್ಲ. ಲಾರಿ ರಿಪೇರಿ ಮಾಡುವ ಕಣ್ಣಿನಿಂದ ನಿಮ್ಮಪ್ಪನನ್ನು ಅಳೆಯಬೇಡ. ಎಪ್ಪತ್ತಮೂರು ವರ್ಷದ ಮನುಷ್ಯ ಒಂದು ಕಥೆಯನ್ನು ಮೂರು ಸಲ ಹೇಳುತ್ತಾನೆ, ಅದು ರೋಗವಲ್ಲ. ಹೆಬ್ಬೆರಳು ವಾಸಿಯಾಗಿದೆ. ಬರೆಯಲು ಅವರಿಗೆ ಬೇಸರ, ಅಷ್ಟೆ. ಕಾರು ಈಗ ನಾನೇ ಓಡಿಸುತ್ತೇನೆ. ಇಲ್ಲಿ ಎಡಗಡೆ ಓಡಿಸಬೇಕು, ರಸ್ತೆಯ ಒಂದು ಪಕ್ಕ ಬೆಟ್ಟ, ಇನ್ನೊಂದು ಪಕ್ಕ ಏನೂ ಇಲ್ಲ. ಅರವತ್ತೊಂಬತ್ತನೇ ವಯಸ್ಸಿನಲ್ಲಿ ಕಲಿತೆ.

ಒಂದು ಒಳ್ಳೆಯ ಸುದ್ದಿ ಇದೆ. ನಮ್ಮ ಮೆಟ್ಟಿಲ ಬುಡದಲ್ಲಿ ಮಿಸ್ ಇಸ್ಮೇ ಕ್ವಾಶಿ ಎಂಬಾಕೆ ಬ್ರೆಡ್‌ಫ್ರೂಟ್ ಎಂಬ ಹಲಸಿನಂಥ ಕಾಯಿ ಸುಟ್ಟು, ಮೀನು ಹುರಿದು ಮಾರುತ್ತಾಳೆ. ನನಗಿಂತ ಎರಡು ವರ್ಷ ದೊಡ್ಡವಳು, ನಾಲಿಗೆ ಮಾತ್ರ ಹದಿನೆಂಟರದ್ದು. ನಾವು ಬಂದ ಮೊದಲ ವಾರ ನನ್ನನ್ನು ಮೇಲಿಂದ ಕೆಳಗೆ ನೋಡಿ, ದೇವರನ್ನು ಈ ಊರಿಗೆ ಹಡಗಿನಲ್ಲಿ ತರುವ ಅಗತ್ಯ ಇರಲಿಲ್ಲ, ಅವನು ಮೊದಲಿಂದ ಇಲ್ಲೇ ಇದ್ದಾನೆ ಎಂದಿದ್ದಳು. ನಾನು ಅವಳ ಹತ್ತಿರ ಮತ್ತೆ ಮಾತಾಡಲಿಲ್ಲ. ನಿಮ್ಮಪ್ಪ ಮಾತ್ರ ದಿನಾ ಹೋಗಿ ಅವಳ ಒಲೆಯ ಪಕ್ಕದ ಪೆಟ್ಟಿಗೆಯ ಮೇಲೆ ಕೂರುತ್ತಿದ್ದರು. ಧರ್ಮದ ಪಾಠ ಏನನ್ನೂ ಹೇಳಿದಂತೆ ಕಾಣಲಿಲ್ಲ. ಇಬ್ಬರೂ ಬೆಂಕಿ ನೋಡುತ್ತಾ, ಇವರು ದನದ ಕಥೆ ಹೇಳಿದರೆ ಅವಳು ಸತ್ತ ಗಂಡನ ಕಥೆ ಹೇಳುತ್ತಾ ಕೂತಿರುತ್ತಿದ್ದರು. ಈಗ ಅವಳು ದೀಕ್ಷಾಸ್ನಾನ ತೆಗೆದುಕೊಳ್ಳುತ್ತೇನೆ ಎಂದಿದ್ದಾಳೆ. ಒಂದೇ ಷರತ್ತು, ಎಲ್ಡರ್ ಸ್ಟಾಡರ್ಡ್, ಅಂದರೆ ನಿಮ್ಮಪ್ಪನೇ, ಕೈ ಹಿಡಿದು ಮುಳುಗಿಸಬೇಕು. ಎಂಟು ತಿಂಗಳಲ್ಲಿ ನಮ್ಮ ಮೊದಲ ಫಲ ಇದು.

ಕಳೆದ ವಾರ ಒಂದು ಸಣ್ಣ ಪ್ರಸಂಗ ನಡೆಯಿತು. ಮಿಷನರಿ ಜೋಡಿ ಒಬ್ಬರನ್ನೊಬ್ಬರು ಬಿಟ್ಟು ಹೊರಗೆ ಹೋಗಬಾರದೆಂಬ ನಿಯಮ ನಿನಗೆ ಗೊತ್ತೇ ಇದೆ. ಊಟವಾದ ಮೇಲೆ ನನಗೆ ಕಣ್ಣು ಹತ್ತಿಬಿಟ್ಟಿತು. ಎದ್ದಾಗ ನಿಮ್ಮಪ್ಪ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮಿಸ್ ಇಸ್ಮೇ ಅವರ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ.

"ಸಿಸ್ಟರಮ್ಮ, ನಿಮ್ಮ ಯಜಮಾನ್ರು ಹೊಳೇಲಿ ನಿಂತಿದ್ರು," ಎಂದಳು. "ಆಲೂಗಡ್ಡೆಗೆ ನೀರು ತಿರುಗಿಸ್ಬೇಕಂತೆ."

ಅವರು ತಮಾಷೆಗೆ ಹಾಗೆ ಹೇಳಿದ್ದಾರೆ ಎಂದೆ.

"ಹಂಗಾ? ಒಳ್ಳೇ ತಮಾಷೆಗಾರ್ರು ಬಿಡಿ. ನಾನ್ ನಗೋದೊಂದೇ ಬಾಕಿ ಇತ್ತು."

ಅವಳ ಎದುರೇ ಬಾಗಿಲು ಹಾಕಿದೆ. ಧನ್ಯವಾದ ಹೇಳಲಿಲ್ಲ. ಇದನ್ನು ನಿನಗೆ ಬರೆಯಬೇಕಾಗಿರಲಿಲ್ಲ. ಶಾಯಿಯಲ್ಲಿ ಬರೆದಾಗಿದೆ, ಇನ್ನೊಂದು ಹಾಳೆ ಹಾಳು ಮಾಡುವುದಿಲ್ಲ.

ನಿನ್ನ ತಾಯಿ,
ಆರ್ಡೆತ್


ಎಲ್ಕೊ
9 ಏಪ್ರಿಲ್ 1992

ಅಮ್ಮನಿಗೆ,

ಡಾಕ್ಟರಿಕೆ ಓದಿಲ್ಲ, ನಿಜ. ಆದರೆ ಈ ಒಂದು ವಿಷಯದಲ್ಲಿ ನನಗೆ ಅನುಭವ ಇದೆ.

ನಾರ್ವೆಯಿಂದ ನಾನು ನಿನಗೆ ವಾರಕ್ಕೊಂದು ಕಾಗದ ಬರೆಯುತ್ತಿದ್ದೆ. ಚೆನ್ನಾಗಿದ್ದೇನೆ, ಕೆಲಸ ಚೆನ್ನಾಗಿ ಸಾಗಿದೆ, ಜನ ಒಳ್ಳೆಯವರು ಎಂದು. ಆಗ ನಾನು ಹಾಸಿಗೆಯಿಂದ ಏಳುತ್ತಿರಲಿಲ್ಲ. ಹನ್ನೆರಡು ದಿನ ಸ್ನಾನ ಮಾಡಿರಲಿಲ್ಲ. ನಾನು ಹಾರಿಬಿಟ್ಟೇನೆಂದು ನನ್ನ ಜೊತೆಗಾರ ಕಿಟಕಿಗಳಿಗೆ ಬೀಗ ಹಾಕಿಸಿದ್ದ. ನಿನಗೆ ಆ ಕಾಗದಗಳು ಬಹಳ ಇಷ್ಟವಾಗಿದ್ದವು, ಸಭೆಯಲ್ಲಿ ಎದ್ದು ನಿಂತು ಓದಿದೆಯಂತೆ. ಅಂಥ ಕಾಗದ ಹೇಗಿರುತ್ತದೆ ಎಂದು ನನಗೆ ಗೊತ್ತು ಅಮ್ಮ. ಮೊದಲು ಜಗಳ ಬರುತ್ತದೆ, ಆಮೇಲೆ ಒಳ್ಳೆಯ ಸುದ್ದಿ, ಕೊನೆಗೆ ಸಣ್ಣ ಪ್ರಸಂಗ. ನಿನ್ನ ಕಾಗದ ಹಾಗೇ ಇದೆ.

ಎರಡು ವರ್ಷಕ್ಕೆಂದು ಹೋದ ನನ್ನನ್ನು ಐದೇ ತಿಂಗಳಿಗೆ ವಾಪಸ್ ಕಳಿಸಿದಾಗ ವಿಮಾನ ನಿಲ್ದಾಣಕ್ಕೆ ಅಪ್ಪ ಒಬ್ಬರೇ ಬಂದಿದ್ದರು. "ನಿನ್ನ ಅಮ್ಮ ಪೀಚ್ ಹಣ್ಣು ಬಾಟಲಿಗೆ ತುಂಬುತ್ತಿದ್ದಾಳೆ," ಎಂದರು. ಮೂರು ತಾಸಿನ ದಾರಿಯಲ್ಲಿ ಏನನ್ನೂ ಕೇಳಲಿಲ್ಲ. ಟ್ರೆಮಾಂಟನ್ ಹತ್ತಿರ ಕಾರು ನಿಲ್ಲಿಸಿ ನನಗೆ ಹಣ್ಣಿನ ಪೈ ಕೊಡಿಸಿದರು, ತಾವು ಮುಟ್ಟದೆ ನಾನು ತಿನ್ನುವುದನ್ನೇ ನೋಡಿದರು.

ಅವರನ್ನು ಮನೆಗೆ ಕರೆದುಕೊಂಡು ಬಾ. ತಲೆ ತಗ್ಗಿಸುವ ಕೆಲಸ ಅದಲ್ಲ.

ವೇಡ್


ಲೇಯೂ
5 ಜೂನ್ 1992

ವೇಡ್‌ಗೆ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ನಿನ್ನ ಕಾಗದವನ್ನು ಅಡುಗೆಮನೆಯ ಡಬ್ಬಿಗಳ ಹಿಂದೆ ಇಟ್ಟು, ಅಲ್ಲಿ ಇಲ್ಲವೆಂದೇ ಇದ್ದೆ. ಸಕ್ಕರೆ ತೆಗೆಯಲು ಹೋದಾಗಲೆಲ್ಲ ಅದು ಅಲ್ಲೇ ಇರುತ್ತಿತ್ತು.

ಕಿಟಕಿಗಳ ವಿಷಯ ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಲಿಲ್ಲ.

ನನಗೆ ಬಳಸಿ ಮಾತಾಡಿ ಅಭ್ಯಾಸವಿಲ್ಲ, ಇರುವುದನ್ನು ಬರೆಯುತ್ತೇನೆ. ನಿಮ್ಮಪ್ಪನಿಗೆ ನೆನಪು ಹೋಗುತ್ತಿದೆ. ಇಲ್ಲಿಗೆ ಬಂದ ಮೇಲೆ ಶುರುವಾದದ್ದಲ್ಲ. ಹೊರಡುವ ಮೊದಲು ತುಂಬಿದ ಆರೋಗ್ಯದ ಅರ್ಜಿಯಲ್ಲಿ ನೆನಪಿನ ಬಗ್ಗೆ ಪ್ರಶ್ನೆ ಇತ್ತು. ಆ ವಸಂತದಲ್ಲಿ ಅವರು ತಮ್ಮ ಹೊಲದಿಂದ ಮನೆಗೆ ಬರುವ ದಾರಿ ಎರಡು ಸಲ ತಪ್ಪಿದ್ದರು. ನಾನು ಅರ್ಜಿಯಲ್ಲಿ "ತೊಂದರೆ ಇಲ್ಲ" ಎಂದು ಗುರುತು ಹಾಕಿದೆ. ಅವರು ಓದದೆ ಸಹಿ ಮಾಡಿದರು. ಜೀವಮಾನವಿಡೀ ಮಿಷನ್‌ಗೆ ಹೋಗಬೇಕೆಂದು ಆಸೆಪಟ್ಟವರು, ಹೊಲ ಬಿಡಲಾಗಲಿಲ್ಲ. ಊರಿನ ಸಭೆಯ ಮೊಗಸಾಲೆಯಲ್ಲಿ, ಮಿಷನ್‌ಗೆ ಹೋದವರ ಸಾಲಿನಲ್ಲಿ ನಮ್ಮ ಫೋಟೋ ತೂಗುಹಾಕಬೇಕೆಂದು ನನಗೂ ಆಸೆ ಇತ್ತು. ಯಾವುದು ಹೆಚ್ಚು ಎಂದು ಈಗ ಬೇರ್ಪಡಿಸಲಾರೆ.

ಸೋಮವಾರದ ವರದಿಗಳನ್ನೆಲ್ಲ ನಾನೇ ಬರೆಯುತ್ತಿದ್ದೇನೆ. ಮೊದಲು ಅವರು ಸಹಿ ಮಾಡುತ್ತಿದ್ದರು. ಏಪ್ರಿಲಿನಿಂದ ಸಹಿಯೂ ನನ್ನದೇ, ಅವರ ಹೆಸರಿನಲ್ಲಿ.

ಮುಂದಿನ ಶನಿವಾರ, ಹದಿಮೂರಕ್ಕೆ, ಮಿಸ್ ಇಸ್ಮೇಯ ದೀಕ್ಷಾಸ್ನಾನ. ಎರಡು ಸಲ ಮುಂದೆ ಹಾಕಿದೆ, ಇನ್ನು ಸಾಧ್ಯವಿಲ್ಲ. ಮುಳುಗಿಸುವ ಮೊದಲು ಹೇಳುವ ಪ್ರಾರ್ಥನೆ ಎರಡು ಸಾಲಿನದ್ದು, ಆದರೆ ಒಂದು ಪದವೂ ಆಚೀಚೆ ಆಗುವಂತಿಲ್ಲ. ಎರಡು ಕಡೆ ಇಬ್ಬರು ಸಾಕ್ಷಿಗಳು ನಿಂತು ಕೇಳುತ್ತಾರೆ. ಪದ ತಪ್ಪಿದರೆ ಮತ್ತೆ ಮೊದಲಿಂದ. ಕಾಲಿನ ಬೆರಳು ನೀರ ಮೇಲೆ ಕಂಡರೂ ಮತ್ತೆ. ನಮ್ಮ ಏಳೂ ಮಕ್ಕಳಿಗೆ ಅದನ್ನು ಹೇಳಿ ಮುಳುಗಿಸಿದ ಮನುಷ್ಯ ಈಗ ಬೆಳಗಿನ ಗಂಜಿಯ ಮುಂದೆ ಕೂತು ನನ್ನ ಜೊತೆ ಅಭ್ಯಾಸ ಮಾಡುತ್ತಿದ್ದಾರೆ. ಕೆಲವು ಬೆಳಿಗ್ಗೆ ಒಂದೂ ತಪ್ಪಿಲ್ಲದೆ ಬರುತ್ತದೆ. ಕೆಲವು ಬೆಳಿಗ್ಗೆ ನಡುವಿನಲ್ಲಿ ಊಟದ ಪ್ರಾರ್ಥನೆ ಸೇರಿಕೊಂಡು ಆಲೂಗಡ್ಡೆಗೆ ಆಶೀರ್ವಾದ ಆಗುತ್ತದೆ. ಅವರೇ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಆ ಕೆಲಸವನ್ನು ಹುಡುಗ ಮಿಷನರಿಗಳಲ್ಲಿ ಒಬ್ಬನಿಗೆ ಕೊಡಬಹುದಿತ್ತು. ಮಿಸ್ ಇಸ್ಮೇ ಒಪ್ಪಲಿಲ್ಲ. ಕೊಟ್ಟರೂ ಯಾಕೆಂದು ಆ ಹುಡುಗರು ಕೇಳುತ್ತಾರೆ, ಸೋಮವಾರದ ಅವರ ವರದಿಯಲ್ಲಿ ಅದು ಅಧ್ಯಕ್ಷರಿಗೆ ಹೋಗುತ್ತದೆ, ತಿಂಗಳೊಳಗೆ ನಮ್ಮನ್ನು ವಾಪಸ್ ಕಳಿಸುತ್ತಾರೆ. ಹನ್ನೊಂದು ತಿಂಗಳು ಮುಗಿಸಿದ್ದೇನೆ. ಮೈಯಲ್ಲಿ ಶಕ್ತಿ ಇದ್ದು ಮುಗಿಸಿದ್ದಲ್ಲ. ಈ ಒಂದು ಶನಿವಾರ ದಾಟಿದರೆ ಉಳಿದದ್ದನ್ನು ಹೇಗೋ ಎಳೆಯುತ್ತೇನೆ.

ನನಗೆ ಬುದ್ಧಿ ಹೇಳುವ ಕಾಗದ ಬರೆಯಬೇಡ. ಬರೆದರೂ ಅದು ಶನಿವಾರದ ಮೊದಲು ತಲುಪುವುದಿಲ್ಲ.

ಅಮ್ಮ


ಲೇಯೂ
15 ಜೂನ್ 1992

ವೇಡ್,

ಶನಿವಾರ ಏನಾಯಿತೆಂದು ಬರೆಯುತ್ತೇನೆ. ಬೇರೆ ಯಾರಿಂದಲಾದರೂ ಕೇಳುವ ಬದಲು ನನ್ನಿಂದ ಕೇಳು.

ನಮ್ಮ ಸಭೆಗೆ ಕೊಳ ಇಲ್ಲ, ಎಲ್ಲ ಕಡಲಲ್ಲೇ. ಬೆಳಿಗ್ಗೆ ಏಳಕ್ಕೆ ಕಪ್ಪು ಮರಳಿನ ದಂಡೆಗೆ ಹೋದೆವು. ಸಭೆಯವರು ಎಂಟು ಜನ. ಉಳಿದವರು ದೋಣಿ ಎಳೆಯುತ್ತಿದ್ದ ಮೀನುಗಾರರು, ಶಾಲೆಯಿಲ್ಲದ ಮಕ್ಕಳು, ಮೀನು ಕೊಳ್ಳಲು ಬಂದ ಹೆಂಗಸರು. ಮಿಸ್ ಇಸ್ಮೇಗೆ ಹಾಸಿಗೆಯ ಬಟ್ಟೆಯಿಂದ ಬಿಳಿ ಅಂಗಿ ನಾನೇ ಹೊಲಿದಿದ್ದೆ. ನೀರಿನಲ್ಲಿ ತೇಲದಿರಲೆಂದು ಅಂಚಿಗೆ ಬಲೆಯ ಸೀಸದ ಗುಂಡು ಸೇರಿಸಿದ್ದೆ. ಹಾಕಿಕೊಂಡು ಎರಡು ಹೆಜ್ಜೆ ನಡೆದು, ದೇವರ ಹತ್ತಿರ ಕಳಿಸುತ್ತಿದ್ದೀಯೋ ಕಡಲ ತಳಕ್ಕೋ ಎಂದು ಕೇಳಿದಳು.

ನಿಮ್ಮಪ್ಪ ಅವತ್ತು ಚೆನ್ನಾಗಿದ್ದರು. ಮನೆಯಲ್ಲಿ ಮೂರು ಸಲ ತಪ್ಪಿಲ್ಲದೆ ಹೇಳಿದ್ದರು. ಬಿಳಿ ಬಟ್ಟೆಯಲ್ಲಿ ಅವಳ ಕೈ ಹಿಡಿದು ಸೊಂಟಮಟ್ಟದ ನೀರಿನವರೆಗೆ ಹೋದಾಗ ಹಿಂದಿನಿಂದ ನೋಡಲು ನಲವತ್ತು ವರ್ಷದವರಂತೆ ಕಂಡರು. ಹುಡುಗ ಮಿಷನರಿಗಳು ಎಡಕ್ಕೊಬ್ಬ ಬಲಕ್ಕೊಬ್ಬ ಸಾಕ್ಷಿಗೆ ನಿಂತರು.

ಮೊದಲ ಸಲ ಅರ್ಧ ಸಾಲು ಬಿಟ್ಟುಹೋಯಿತು. ಮುಳುಗಿಸಿದ ಮೇಲೆ ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ಇಲ್ಲವೆಂದು ತಲೆಯಾಡಿಸಿದರು. ಎರಡನೆಯ ಸಲ ಮಾತು ಸರಿ ಬಂತು, ಆದರೆ ಅಲೆ ಬಂದು ಅವಳ ಕಾಲು ಮೇಲೆದ್ದಿತು. ಅದು ಯಾರ ತಪ್ಪೂ ಅಲ್ಲ. ಮಿಸ್ ಇಸ್ಮೇ ಮುಖ ಒರೆಸಿಕೊಂಡು ದಂಡೆಗೆ ಕೇಳುವಂತೆ ಹೇಳಿದಳು:

"ಪರವಾಗಿಲ್ಲ ಎಲ್ಡರಪ್ಪ. ಎಪ್ಪತ್ತೊಂದು ವರ್ಷದ ಪಾಪ. ಒಂದೇ ಮುಳುಗಿಗೆ ಹೋಗ್ತದಾ?"

ಎಲ್ಲರೂ ನಕ್ಕರು, ನಿಮ್ಮಪ್ಪನೂ ನಕ್ಕರು. ನಗುವಿನಲ್ಲಿ ಎಲ್ಲೋ ಅವರಿಗೆ ಎಳೆ ತಪ್ಪಿತು. ಮೂರನೆಯ ಸಲ ಕೈಯೆತ್ತಿ ಅವಳ ಹೆಸರು ಹೇಳಬೇಕಾದ ಕಡೆ ನನ್ನ ಹೆಸರು ಹೇಳಿದರು. ಆರ್ಡೆತ್ ಲೂಯಿಸ್ ಹ್ಯಾಮಂಡ್, ನಾನು ಮದುವೆಗೆ ಮೊದಲಿದ್ದ ಪೂರ್ತಿ ಹೆಸರು, ಸ್ಪಷ್ಟವಾಗಿ. ಅವಳನ್ನು ಮುಳುಗಿಸಿ ಎತ್ತಿದರು. ಹುಡುಗರು ತಲೆಯಾಡಿಸಲೂ ಇಲ್ಲ, ನೀರು ನೋಡಿದರು.

ಆಮೇಲೆ ಅವರು ಸುಮ್ಮನೆ ನಿಂತುಬಿಟ್ಟರು. ಎತ್ತಿದ ಕೈ ಹಾಗೇ ಇತ್ತು. ಸುತ್ತ ನೋಡಿದರು, ಇಷ್ಟು ನೀರು ಎಲ್ಲಿಂದ ಬಂತು ಎನ್ನುವ ಹಾಗೆ. ಆಮೇಲೆ ದಂಡೆಯಲ್ಲಿ ನನ್ನನ್ನು ಹುಡುಕಿ, "ಆರ್ಡೆತ್, ಕಾಲುವೆ ಬಾಗಿಲು ಯಾರು ಹಾಕ್ಲಿಲ್ಲ?" ಎಂದು ಕೇಳಿದರು. ಮೀನುಗಾರರ ನಗು ನಿಂತಿತು.

ನಾನು ದಂಡೆಯಲ್ಲಿ ಟವೆಲ್ ಹಿಡಿದು ನಿಂತಿದ್ದೆ. ಆಗಲೂ ನನಗೆ ಬಂದ ಮೊದಲ ಯೋಚನೆ ಏನು ಗೊತ್ತೇ? ಬಿಸಿಲು ಹತ್ತಿತು, ಜ್ವರ ಬಂದಿತ್ತು ಎಂದು ಏನಾದರೂ ಹೇಳಬಹುದು, ಇನ್ನೂ ಮುಚ್ಚಬಹುದು ಎಂದು. ನಾನು ಆ ಮಾತು ಹುಡುಕುತ್ತಿದ್ದಷ್ಟೂ ಹೊತ್ತು ಅವರು ಅಲ್ಲಿ ಕೈಯೆತ್ತಿ ನಿಂತೇ ಇದ್ದರು, ವೇಡ್. ನನ್ನನ್ನೇ ನೋಡುತ್ತಿದ್ದರು. ಅವರಿಗೆ ಹೆದರಿಕೆಯಾಗಿತ್ತು. ಐವತ್ತು ವರ್ಷದಲ್ಲಿ ಅವರ ಮುಖದಲ್ಲಿ ನಾನು ಅದನ್ನು ಕಂಡಿರಲಿಲ್ಲ.

ಟವೆಲ್ ಕೆಳಗೆ ಹಾಕಿ ನೀರಿಗೆ ಇಳಿದೆ. ಶೂ ಬಿಚ್ಚಲಿಲ್ಲ. ಭಾನುವಾರದ ನೀಲಿ ಅಂಗಿ ಕಾಲಿಗೆ ಸುತ್ತಿಕೊಂಡಿತು, ಒಂದು ಸಲ ಮುಗ್ಗರಿಸಿದೆ. ಯಾರೋ ದೋಣಿಯವನು ಬಂದು ಕೈ ಕೊಟ್ಟ, ಬೇಡವೆನ್ನಲಿಲ್ಲ. ನಿಮ್ಮಪ್ಪನ ಮೊಣಕೈ ಹಿಡಿದುಕೊಂಡೆ.

ದೊಡ್ಡ ಹುಡುಗ ಹತ್ತಿರ ಬಂದು ಮೆಲ್ಲಗೆ, "ಸಿಸ್ಟರ್, ನಾನು ಮಾಡ್ಲಾ? ಎಲ್ಡರಿಗೆ ಸುಸ್ತಾಗಿದೆ," ಎಂದ.

"ಸುಸ್ತಲ್ಲ," ಎಂದೆ. "ಅವ್ರಿಗೆ ಮರೆವು. ಒಂದ್ ವರ್ಷದಿಂದ ಇದೆ. ನಾನು ಹೇಳ್ಕೊಡ್ತೀನಿ, ಅವ್ರು ಹೇಳ್ತಾರೆ. ಅದಕ್ಕೆ ಅಡ್ಡಿ ಇದ್ಯಾ?"

ಅವನು ಯೋಚಿಸಿ, ಹೇಳಿಕೊಡಬಾರದು ಎಂದು ಎಲ್ಲೂ ಇಲ್ಲ ಎಂದ.

ನಾನು ಎರಡೆರಡು ಪದ ಹೇಳಿದೆ, ಅವರು ಎರಡೆರಡು ಪದ ಹೇಳಿದರು. ಮಗುವಿನ ಹಾಗೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಊರೆಲ್ಲ ನೋಡಿತು. ಇಸ್ಮೇ ಕ್ವಾಶಿ ಎಂದು ನಾನು ಹೇಳಿದಾಗ ಅವರೂ ಇಸ್ಮೇ ಕ್ವಾಶಿ ಎಂದರು. ಮುಳುಗಿಸಿದರು, ಎತ್ತಿದರು. ಅಂಗಿಯ ಅಂಚೂ ಮೇಲೆ ಬರಲಿಲ್ಲ. ಹುಡುಗರಿಬ್ಬರೂ ತಲೆಯಾಡಿಸಿದರು, ಈ ಸಲ ಹೌದೆಂದು. ದೊಡ್ಡವನು ಅಳುತ್ತಿದ್ದ.

ದಂಡೆಗೆ ಬಂದ ಮೇಲೆ ಮಿಸ್ ಇಸ್ಮೇ ನನ್ನ ಪಕ್ಕ ಮರಳಲ್ಲಿ ಕೂತಳು. ಮುಖ ತಿರುಗಿಸದೆ ಅಂಗಿಯ ಅಂಚು ಹಿಂಡುತ್ತಾ ಕೇಳಿದಳು:

"ಇಷ್ಟು ದಿನ ಒಬ್ಬರೇ ಹೊತ್ಕೊಂಡಿದ್ರಲ್ಲ, ಯಾರಿಗೋಸ್ಕರ?"

ಅವಳ ಅಂಗಿಯ ಇನ್ನೊಂದು ಅಂಚು ಹಿಡಿದು ನಾನೂ ಹಿಂಡಿದೆ. ಎಲ್ಲರೂ ನಮ್ಮ ಮನೆಗೆ ಬಂದರು, ಅವಳೇ ಮೀನು ಹುರಿದಳು. ನಿಮ್ಮಪ್ಪ ಎರಡು ಸಲ ಬಡಿಸಿಕೊಂಡು, ಇವತ್ತು ಯಾರದೋ ಮದುವೆಯೇನು ಎಂದು ಕೇಳಿದರು.

ಇವತ್ತು ಸೋಮವಾರ. ಅಧ್ಯಕ್ಷರಿಗೆ ಕಾಗದ ಬರೆದೆ. ಅರ್ಜಿಯಲ್ಲಿ ಸುಳ್ಳು ಬರೆದದ್ದು, ವರದಿಗಳು, ಸಹಿ, ಎಲ್ಲವನ್ನೂ. ಕೊನೆಗೆ ನನ್ನ ಹೆಸರೇ ಹಾಕಿದೆ. ಅಂಚೆಗೆ ಹಾಕಿ ಬಂದ ಮೇಲೆ ಈ ಕಾಗದ ಬರೆಯುತ್ತಿದ್ದೇನೆ. ಹಗುರಾಯಿತು ಎಂದು ನೀನು ತಿಳಿಯಬೇಡ. ಆಯಾಸ ಇನ್ನೂ ಹೆಚ್ಚಾಗಿದೆ. ಇಷ್ಟು ದಿನ ಅದನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ.

ಅಮ್ಮ


ಎಲ್ಕೊ
27 ಜೂನ್ 1992

ಅಮ್ಮ,

ಕಾಗದ ಲಾರಿಯ ಕೆಳಗೆ ಮಲಗಿಕೊಂಡೇ ಓದಿದೆ. ಮೇಸ್ತ್ರಿ ಬಂದು ಕಾಲು ಅಲ್ಲಾಡಿಸಿ ಬದುಕಿದ್ದೀಯಾ ಎಂದು ಕೇಳಿದ.

ನಿಮ್ಮನ್ನು ಕಳಿಸುವ ದಿನ ಗೊತ್ತಾದ ಕೂಡಲೇ ತಿಳಿಸು. ನಾನು ಅಲ್ಲಿಗೇ ಬರುತ್ತೇನೆ. ವಿಮಾನ ನಿಲ್ದಾಣಗಳಲ್ಲಿ ಗಂಟೆಗಟ್ಟಲೆ ಕಾಯಬೇಕು, ಅಪ್ಪ ಎದ್ದು ಹೋದರೆ ನೀನೊಬ್ಬಳೇ ಹಿಂದೆ ಓಡಲಾರೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇನೆ. ಸಭೆಗೆ ಬಾ ಎಂದು ಕರೆಯದಿದ್ದರೆ ಸಾಕು, ಉಳಿದ ಎಲ್ಲ ಕೆಲಸ ಹೇಳು.

ಬೇಡ ಎನ್ನಬೇಡ.

ವೇಡ್


ಲೇಯೂ
13 ಜುಲೈ 1992

ಮಗನೇ,

ಅಧ್ಯಕ್ಷರು ಕಳೆದ ಬುಧವಾರ ತಾವೇ ವಿಮಾನದಲ್ಲಿ ಬಂದರು. ಬೈಯುತ್ತಾರೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಬೈಯಲಿಲ್ಲ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನಿಮ್ಮಪ್ಪ ಅವರನ್ನು ಆಲೂಗಡ್ಡೆ ಕೊಳ್ಳಲು ಬಂದ ವ್ಯಾಪಾರಿ ಎಂದುಕೊಂಡು, ಈ ಸಲ ಬೆಳೆ ಸುಮಾರು, ಮುಂದಿನ ವರ್ಷ ಬನ್ನಿ ಎಂದರು. ಅಧ್ಯಕ್ಷರು ಖಂಡಿತ ಬರುತ್ತೇನೆ ಎಂದರು.

ನಮ್ಮ ಜಾಗಕ್ಕೆ ಬರಲು ಬೇರೆ ಜೋಡಿ ಇಲ್ಲವಂತೆ. ಭಾನುವಾರ ಕೀಬೋರ್ಡು ನುಡಿಸುವವರಿಲ್ಲ. ತಾನು ಕೈ ತಟ್ಟಿ ಹಾಡಿಸುತ್ತೇನೆ, ಅದರಿಂದ ವೇಗವಾದರೂ ಸರಿಹೋದೀತು ಎಂದು ಇಸ್ಮೇ ಹೇಳುತ್ತಾಳೆ. ಅವಳು ಈಗ ನಿಮ್ಮಪ್ಪನನ್ನು ಮಧ್ಯಾಹ್ನ ಎರಡು ತಾಸು ತನ್ನ ಒಲೆಯ ಹತ್ತಿರ ಕೂರಿಸಿಕೊಳ್ಳುತ್ತಾಳೆ, ನಾನು ಮಲಗುತ್ತೇನೆ. ಮೊದಲ ದಿನ ಮಲಗಿದವಳು ಸಂಜೆಯವರೆಗೆ ಏಳಲಿಲ್ಲ.

ಹೊರಡುವ ಮೊದಲು ಅಧ್ಯಕ್ಷರು ನಮ್ಮ ಬಿಡುಗಡೆಯ ಪತ್ರ ಕೊಟ್ಟರು. ದಪ್ಪ ಕಾಗದ, ಮೊಹರು, ಗೌರವದಿಂದ ಬಿಡುಗಡೆ ಮಾಡಲಾಗಿದೆ ಎಂಬ ಒಕ್ಕಣೆ. ಹದಿನೆಂಟು ತಿಂಗಳು ಮುಗಿಸಿದವರಿಗೆ ಕೊಡುವುದೂ ಇದೇ. ಒಂದು ಅಕ್ಷರವೂ ಬೇರೆಯಿಲ್ಲ. ಕಾಯಿಲೆಯಾಗಿ ನಡುವೆ ಹೋಗುವವರಿಗೆಲ್ಲ ಇದನ್ನೇ ಕೊಡುತ್ತೀರಾ ಎಂದು ಕೇಳಿದೆ.

"ಎಲ್ಲರಿಗೂ ಇದೇ ಸಿಸ್ಟರ್," ಎಂದರು. "ಹಿಂದಿನಿಂದಲೂ."

ಹಾಗಾದರೆ ನಿನಗೂ ಇದೇ ಕೊಟ್ಟಿರಬೇಕು. ನೀನು ಅದನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದಿರಬೇಕು. ತೋರಿಸು ಎಂದು ನಾನು ಕೇಳಲಿಲ್ಲ. ನೀನು ಒಳಗೆ ಬಂದಾಗ ನಾನು ಬಾಟಲಿಗಳ ಮುಚ್ಚಳ ಬಿಗಿಯುತ್ತಿದ್ದೆ, ತಿರುಗಲಿಲ್ಲ.

ನಮ್ಮ ಟಿಕೆಟು ಆಗಸ್ಟ್ ಆರಕ್ಕೆ. ನೀನು ಬರುವುದು ಬೇಡ, ಖರ್ಚು, ನಾನೇ ನಿಭಾಯಿಸುತ್ತೇನೆ ಎಂದು ಬೆಳಿಗ್ಗೆಯಿಂದ ಮೂರು ಸಲ ಬರೆದು ಹರಿದೆ. ನಿಭಾಯಿಸಲಾರೆ. ಬಾ.

ಎರಡು ದಿನ ಮೊದಲೇ ಬಾ, ಅವರು ನಿನ್ನ ಮುಖಕ್ಕೆ ಒಗ್ಗಿಕೊಳ್ಳಲಿ. ಮೊದಲು ಗುರುತು ಹಿಡಿಯದಿದ್ದರೆ ಬೇಸರ ಮಾಡಿಕೊಳ್ಳಬೇಡ. ಹೆಸರು ಹೇಳು, ಸಂತೋಷಪಡುತ್ತಾರೆ. ಇನ್ನೊಂದು ತಾಸಿಗೆ ಮತ್ತೆ ಹೇಳಬೇಕಾದೀತು, ಮತ್ತೆ ಅಷ್ಟೇ ಸಂತೋಷಪಡುತ್ತಾರೆ. ಅಷ್ಟರಮಟ್ಟಿಗೆ ನೀನು ಪುಣ್ಯವಂತ. ನನಗೆ ಆ ಅನುಕೂಲವಿಲ್ಲ, ನಾನು ಯಾವುದನ್ನೂ ಮರೆತಿಲ್ಲ.

ನಿನಗೆ ಹೇಳಬೇಕಾದ ಮಾತೊಂದಿದೆ. ಕಾಗದದಲ್ಲಿ ಬರೆದು ಮುಗಿಸುವುದು ಸರಿಯಲ್ಲ, ಎದುರಿಗೆ ಹೇಳಬೇಕು. ಹೇಗೆ ಶುರುಮಾಡಬೇಕೋ ಗೊತ್ತಿಲ್ಲ. ಸಾಲ್ಟ್ ಲೇಕ್‌ವರೆಗೆ ನಾಲ್ಕು ವಿಮಾನ, ಒಂದೂವರೆ ದಿನದ ದಾರಿ. ನಿಮ್ಮಪ್ಪ ಕಿಟಕಿಯ ಪಕ್ಕ ಕೂರಲಿ. ನೀನು ನನ್ನ ಪಕ್ಕ ಕೂರು.

ಅಮ್ಮ